ಮೊಂಡಾಗದ ಚಾಕು

ನನ್ನ ಬಲಗೈಯ ಮಣಿಕಟ್ಟು ಈಗ ಪೂರ್ತಿ ಮಡಚುವುದಿಲ್ಲ. ತುಂಬಿದ ತಂಬಿಗೆ ಎತ್ತಬೇಕೆಂದರೆ ಎಡಗೈಯನ್ನೂ ಕೊಡಬೇಕು. ಡಾಕ್ಟರು ಕೈ ಹಿಡಿದು ಅತ್ತಿತ್ತ ತಿರುಗಿಸಿ, ಎಲುಬು ಸವೆದಿದೆ ಅಂದರು. ಸವೆಯದೆ ಏನು ಮಾಡೀತು. ಹುಬ್ಬಳ್ಳಿಯ ಅಮರಗೋಳದಲ್ಲಿ, ಮಾರ್ಕೆಟ್ ಯಾರ್ಡಿನ ಗೇಟಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ, ನಾವು ಖಾನಾವಳಿ ನಡೆಸಿದವರು. ಹಮಾಲರು, ಲಾರಿ ಡ್ರೈವರುಗಳು, ಉಳ್ಳಾಗಡ್ಡಿ, ಮೆಣಸಿನಕಾಯಿ ತಂದ ರೈತರು, ದಲಾಲಿ ಅಂಗಡಿಯ ಗುಮಾಸ್ತರು, ಎಲ್ಲರೂ ನಮ್ಮಲ್ಲೇ ಉಣ್ಣುವವರು. ಗಂಡ ಇದ್ದಾಗ ಶುರುವಾದದ್ದು, ಅವನು ಹೋದ ಮೇಲೂ ನಿಲ್ಲಲಿಲ್ಲ. ರೊಟ್ಟಿ ಬಡಿಯುವುದು ಸೊಸೆಯ ಪಾಲು, ಹೆಚ್ಚುವುದು ನನ್ನ ಪಾಲು. ಮಗ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊರೆಯುವ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ.

ಹೆಚ್ಚುವುದು ಎಂದರೆ ಮನೆಮಂದಿಯ ಒಂದು ಪಲ್ಯಕ್ಕೆ ಹೆಚ್ಚಿದಂತಲ್ಲ. ಉಳ್ಳಾಗಡ್ಡಿ ಬುಟ್ಟಿಗಟ್ಟಲೆ, ಬದನೆಕಾಯಿ ಚೀಲಗಟ್ಟಲೆ. ಮುಂಜಾನೆಯದು ಮುಗಿಯುವಷ್ಟರಲ್ಲಿ ಸಂಜೆಯದು ಬಂದು ಕೂತಿರುತ್ತಿತ್ತು. ಮೊದಲು ಈಳಿಗೆಮಣೆಯ ಮೇಲೆ ಕಾಲು ಮಡಚಿ ಕೂತು ಹೆಚ್ಚುತ್ತಿದ್ದೆ. ಮೊಣಕಾಲು ಹೋದ ಮೇಲೆ ಒಂದು ಮೇಜು ಬಂತು, ಒಂದು ಕಬ್ಬಿಣದ ಚಾಕು ಬಂತು. ಹಳೆಯ ಲಾರಿಯ ಸ್ಪ್ರಿಂಗ್ ಪಾಟಾ ಕಡಿದು ಕಮ್ಮಾರ ಬಡಿದು ಕೊಟ್ಟದ್ದು. ಕುಂಬಳಕಾಯಿಯನ್ನು ಒಂದೇ ಏಟಿಗೆ ಎರಡು ಹೋಳು ಮಾಡುತ್ತಿತ್ತು. ಆದರೆ ಭಾರ. ಮಧ್ಯಾಹ್ನದ ಹೊತ್ತಿಗೆ ಅದನ್ನು ಎತ್ತುವುದೇ ಒಂದು ಕೆಲಸ, ಇಳಿಸುವುದೇ ಇನ್ನೊಂದು ಕೆಲಸ ಅನ್ನಿಸುತ್ತಿತ್ತು.

ಆ ಚಾಕುವಿನಲ್ಲಿ ನನಗೆ ಇಷ್ಟವಾದದ್ದು ಒಂದೇ, ಅದು ಮೊಂಡಾಗುತ್ತಿತ್ತು.

ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ಮೊದಲೇ, ಉಳ್ಳಾಗಡ್ಡಿಯ ಸಿಪ್ಪೆಯ ಮೇಲೆ ಜಾರತೊಡಗುತ್ತಿತ್ತು. ಆಗ ನಾನು ಅದನ್ನೂ ಈಳಿಗೆಯನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಸಾಣೆಯವನ ಹತ್ತಿರ ಹೊರಡುತ್ತಿದ್ದೆ. ಯಾರ್ಡಿನ ಗೋಡೆಗೆ ಹತ್ತಿದ ಬೇವಿನ ಗಿಡದ ಕೆಳಗೆ ಅವನ ಅಂಗಡಿ. ಅಂಗಡಿ ಎಂದರೆ ಕಾಲಿನಿಂದ ತುಳಿದು ತಿರುಗಿಸುವ ಒಂದು ಸಾಣೆಕಲ್ಲು, ಮೇಲೆ ಒಂದು ತಾಡಪತ್ರಿ. ಮುಸಲ್ಮಾನ, ನನ್ನ ವಾರಿಗೆಯವನೇ. ಕುಡುಗೋಲು, ಕತ್ತರಿ, ಹಮಾಲರ ಕೊಕ್ಕೆ, ಎಲ್ಲಕ್ಕೂ ಅವನೇ ಬಾಯಿ ಕೊಡುವವನು. ನಾನು ಹೋದ ಕೂಡಲೇ ಟೊಮೆಟೊ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ ಕೂರಲು ಹೇಳುತ್ತಿದ್ದ. ಅವನ ಹೆಂಡತಿ ಚಹಾ ಕಳಿಸುತ್ತಿದ್ದಳು.

"ಗಡಿಬಿಡಿ ಇಲ್ಲ, ಸಾವಕಾಶ ಮಾಡು" ಅನ್ನುತ್ತಿದ್ದೆ.

"ನನಗ ಗೊತ್ತಿಲ್ಲೇನ್ರಿ ಅಕ್ಕಾರ. ನಿಮ್ಮ ಚಾ ಮುಗಿಯೂತನಾ ಈ ಚಾಕುಕ್ಕ ಬಾಯಿ ಬರೂದಿಲ್ಲ."

"ಚಾ ಬಿಸಿ ಐತಿ ಇನ್ನೂ."

"ಹಂಗಾದ್ರ ಕಲ್ಲೂ ಬಿಸಿ ಆಗೈತ್ರಿ. ಆರಲಿ ತಡೀರಿ" ಎಂದು ಅವನೂ ಕಾಲು ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ.

ಅಷ್ಟು ಹೊತ್ತು ನನ್ನ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮನೆಯಲ್ಲಿ ಯಾರೂ ಎಲ್ಲಿಗೆ ಹೋದೆ ಅನ್ನುವಂತಿರಲಿಲ್ಲ. ಚಾಕು ಮೊಂಡಾದರೆ ಯಾರೇನು ಮಾಡಲಾದೀತು.

ಇನ್ನೊಂದು ಬಿಡುವು ವರ್ಷಕ್ಕೊಮ್ಮೆ ಬರುತ್ತಿತ್ತು. ಮಹಾನವಮಿಯ ದಿನ ಖಂಡೇಪೂಜೆ. ದುಡಿಯುವ ಕಬ್ಬಿಣಕ್ಕೆಲ್ಲ ಅಂದು ಪೂಜೆ. ಲಾರಿಯವರು ಲಾರಿ ತೊಳೆಯುತ್ತಾರೆ, ವರ್ಕ್‌ಶಾಪಿನವರು ಮಷೀನಿಗೆ ಹೂವು ಏರಿಸುತ್ತಾರೆ. ನಮ್ಮ ಮನೆಯಲ್ಲಿ ಈಳಿಗೆ, ಚಾಕು, ಕುಡುಗೋಲು, ಕಾಯಿ ತುರಿಯುವ ಮಣೆ, ಅಡಕತ್ತರಿ, ಎಲ್ಲವನ್ನೂ ತೊಳೆದು ಮಣೆಯ ಮೇಲೆ ಇಟ್ಟು ವಿಭೂತಿ ಕುಂಕುಮ ಹಚ್ಚುತ್ತೇವೆ. ಒಮ್ಮೆ ಇಟ್ಟರೆ ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೂ ಯಾರೂ ಮುಟ್ಟುವುದಿಲ್ಲ. ನನ್ನ ಅತ್ತೆ ಮುಟ್ಟಲಿಲ್ಲ, ನಾನು ಮುಟ್ಟಲಿಲ್ಲ. ಹೆಚ್ಚುವುದಿಲ್ಲವೆಂದ ಮೇಲೆ ಖಾನಾವಳಿಯೂ ಇಲ್ಲ. ಮನೆಮಟ್ಟಿಗೆ ಹೋಳಿಗೆ, ಅನ್ನ, ಸಾರು ಮಾಡಿ ಉಂಡು ಎರಡು ದಿನ ಬಿದ್ದುಕೊಳ್ಳುತ್ತಿದ್ದೆವು. ದೇವರ ಮೇಲೆ ನನಗೆ ಬಹಳ ಭಕ್ತಿಯೇನೂ ಇಲ್ಲ. ಆ ಹಬ್ಬದ ಮೇಲೆ ಇತ್ತು.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಸಂಜೆ ಮಗ ಉದ್ದನೆಯ ರಟ್ಟಿನ ಡಬ್ಬಿ ತಂದು ನನ್ನ ಮುಂದಿಟ್ಟ. ಒಳಗೆ ಚಾಕುವಿನ ಆಕಾರದ್ದೇನೋ ಇತ್ತು, ಚಹಾ ಬಸಿಯ ಹಾಗೆ ಬೆಳ್ಳಗೆ.

"ಏನೋ ಇದು, ಹುಡುಗರ ಆಟಗಿ ಸಾಮಾನೇನು?"

"ಚಾಕು ಬೇ. ನಮ್ಮ ಮಾಲಕರು ಮಷೀನ್ ನೋಡಾಕ ಹೊರದೇಶಕ್ಕ ಹೋಗಿದ್ರಲ್ಲ, ಕೆಲಸದವ್ರಿಗೆಲ್ಲಾ ಒಂದೊಂದ ಸಾಮಾನ ತಂದಾರ. ನಿನ್ನ ಕೈ ನೋವಿಗೆ ಛಲೋ ಆಗ್ತೈತಿ ಅಂತ ನಾನ ಕೇಳಿ ಇದನ್ನ ಇಸಗೊಂಡೆ. ಸಿರಾಮಿಕ್ ಅಂತಾರ ಇದಕ್ಕ."

"ಪಿಂಗಾಣಿ ಅನ್ನು. ಬಿದ್ದ ಒಡದ್ರ?"

"ಬೀಳಸಬ್ಯಾಡ. ಎತ್ತಿ ನೋಡು, ಹೆಂಗ ಹಗುರ ಐತಿ. ತುಕ್ಕ ಹಿಡಿಯೂದಿಲ್ಲ, ವರ್ಷಗಟ್ಟಲೆ ಮೊಂಡ ಆಗೂದಿಲ್ಲ."

ರೊಟ್ಟಿ ಬಡಿಯುತ್ತಿದ್ದ ಸೊಸೆ ತಿರುಗಿ ನೋಡದೆ ಅಂದಳು, "ವರ್ಷಗಟ್ಟಲೆ ಮೊಂಡ ಆಗೂದಿಲ್ಲಂದ್ರ ನಿಮ್ಮವ್ವಾರ ಬಾಯಿ ಇದ್ದಂಗ ಆತು."

ಅವಳ ಮಾತೇ ಹಾಗೆ. ನಾನೂ ನಕ್ಕೆ. ಮಗ ಮಾತ್ರ ನಗಲಿಲ್ಲ. ಅವನ ಮುಖದಲ್ಲಿ ನನ್ನ ಕೈ ನೋವನ್ನು ತಾನು ತೀರಿಸಿಬಿಟ್ಟೆ ಅನ್ನುವ ಕಳೆ ಇತ್ತು.

ಸುಳ್ಳು ಹೇಳಬಾರದು, ಚಾಕು ಒಳ್ಳೆಯದೇ. ಟೊಮೆಟೊ ಮೇಲೆ ಇಟ್ಟರೆ ಸಾಕು, ಒತ್ತುವುದೇ ಬೇಡ. ಉಳ್ಳಾಗಡ್ಡಿ ಅಷ್ಟು ಕಣ್ಣುರಿ ಕೊಡುತ್ತಿರಲಿಲ್ಲ. ಕಬ್ಬಿಣ ತಾಗಿದ ಬದನೆಕಾಯಿ ನೋಡನೋಡುತ್ತ ಕಪ್ಪಾಗುತ್ತದೆ, ಇದು ತಾಗಿದರೆ ಬೆಳ್ಳಗೇ ಉಳಿಯುತ್ತಿತ್ತು. ಬೆಳ್ಳುಳ್ಳಿ ಕೊಯ್ದು ನೀರಿಗೆ ಹಿಡಿದರೆ ವಾಸನೆಯೂ ಉಳಿಯುತ್ತಿರಲಿಲ್ಲ.

ಆದರೆ ಹಡೆದ ಮಗುವಿಗಿಂತ ಹೆಚ್ಚು ಜೋಪಾನ ಅದಕ್ಕೆ. ಕಡಪಾ ಕಲ್ಲಿನ ಮೇಲೆ ಹೆಚ್ಚಬಾರದು, ಮರದ ಹಲಗೆಯೇ ಬೇಕು. ಹೆಚ್ಚಿದ್ದನ್ನು ಬುಟ್ಟಿಗೆ ತಳ್ಳುವಾಗ ಅಲಗಿನ ಬಾಯಿಯಿಂದ ಎಳೆಯಬಾರದು, ಬೆನ್ನಿನಿಂದ ಎಳೆಯಬೇಕು. ತೆಂಗಿನಕಾಯಿ, ಬೆಲ್ಲ, ಎಲುಬು ಇದರ ಹತ್ತಿರವೂ ಬರಬಾರದು. ಶುಂಠಿ ಜಜ್ಜಬಾರದು. ಯಾವುದರೊಳಗೂ ಚುಚ್ಚಿ ತಿರುವಬಾರದು. ಮೇಲಿಂದ ಕೆಳಗೆ ನೆಟ್ಟಗೆ ಬರಬೇಕು, ಅಷ್ಟೇ. ಉಳಿದ ಪಾತ್ರೆಗಳ ಜೊತೆ ಬಚ್ಚಲಿಗೆ ಹಾಕಿದರೆ ಒಂದು ಸೌಟು ತಾಗಿದರೂ ಬಾಯಿ ಮುರಿಯುತ್ತದೆ. ಅದಕ್ಕೇ ನಾನೇ ಕೈಯಲ್ಲಿ ತೊಳೆದು, ಒರೆಸಿ, ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದೆ. ಅರಿಶಿನದ ಕಲೆ ಹತ್ತಿದರೆ ಅಡುಗೆ ಸೋಡಾ ಹಚ್ಚಿ ಬೆರಳಿನಿಂದ ತಿಕ್ಕುತ್ತಿದ್ದೆ. ಬೂದಿ, ತೆಂಗಿನ ಕತ್ತ, ಬ್ರಶ್ಶು ಯಾವುದನ್ನೂ ತಾಗಿಸುವಂತಿಲ್ಲ. ದಿನದ ಕೆಲಸವೆಲ್ಲ ಮುಗಿದ ಮೇಲೆ ಇದೊಂದು ಬೇರೆ ಕೆಲಸ.

ಮತ್ತು ಅದು ಮೊಂಡಾಗಲಿಲ್ಲ. ಒಂದು ತಿಂಗಳು ನೋಡಿದೆ, ಎರಡು ತಿಂಗಳು ನೋಡಿದೆ. ಬೇವಿನ ಗಿಡದ ಕಡೆ ಹೋಗಲು ನೆಪವೇ ಸಿಗಲಿಲ್ಲ. ಹಗುರಾದ ಚಾಕು ಬೇಗ ಓಡುತ್ತದೆ, ಬೇಗ ಓಡಿದರೆ ಕೆಲಸ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಿತು, ನಿಜ. ಮುಗಿದದ್ದನ್ನು ಮಗ ನೋಡಿದ. ಪ್ರತಿ ತಾಟಿಗೆ ಸೌತೆಕಾಯಿ, ಗಜ್ಜರಿ, ಮೂಲಂಗಿ ಹೆಚ್ಚಿ ಇಟ್ಟರೆ ಗಿರಾಕಿ ಖುಷಿಯಾಗುತ್ತಾರೆ ಅಂದ. ಆಮೇಲೆ ದಿನಾ ಕೋಸಂಬರಿ ಅಂದ. ಆಮೇಲೆ ಸಂಜೆಗೆ ಇನ್ನೊಂದು ಪಲ್ಯ ಅಂದ. ನೋವು ಎತ್ತುವ ಜಾಗದಿಂದ ಸರಿದು ಮಣಿಕಟ್ಟಿನ ಒಳಕ್ಕೆ ಹೋಗಿ ಕೂತಿತು. ಮೊದಲು ಸಂಜೆಗೆ ಇರುತ್ತಿದ್ದದ್ದು ಈಗ ಮುಂಜಾನೆ ಎದ್ದಾಗಲೇ ಇರುತ್ತಿತ್ತು.

ಒಮ್ಮೆ ಸುಮ್ಮನೆ ಚಾಕು ತೆಗೆದುಕೊಂಡು ಸಾಣೆಯವನ ಹತ್ತಿರ ಹೋದೆ. ಅವನು ಅದರ ಬಾಯಿಯ ಮೇಲೆ ಉಗುರು ಎಳೆದು ನೋಡಿದ, ಬೆಳಕಿಗೆ ಹಿಡಿದು ನೋಡಿದ, ಬಟ್ಟೆಯಲ್ಲಿ ಸುತ್ತಿ ವಾಪಸ್ಸು ಕೊಟ್ಟ.

"ಇದಕ್ಕ ನನ್ನ ಕಲ್ಲ ಹತ್ತೂದಿಲ್ಲ ಅಕ್ಕಾರ. ಹಚ್ಚಿದ್ರ ಕಲ್ಲ ಸವಿತೈತಿ, ಇದು ಸವಿಯೂದಿಲ್ಲ. ಹಂಗ ನೋಡಿದ್ರ ಇದಕ್ಕ ನನ್ನ ಜರೂರಿನ ಇಲ್ಲ."

"ಒಂಚೂರು ಮೊಂಡ ಮಾಡಿ ಕೊಡಾಕ ಬರ್ತೈತೇನು?"

ಅವನು ಬಹಳ ಹೊತ್ತು ನಕ್ಕ. "ನಲವತ್ತ ವರ್ಷದಾಗ ಇದನ್ನ ಯಾರೂ ಕೇಳಿಲ್ಲ ನೋಡ್ರಿ ನನಗ. ಕುಂದರ್ರಿ, ಚಾ ತರಸ್ತೇನಿ."

ಕೂರಲಿಲ್ಲ. ಚಾಕು ಹರಿತವಾಗಿರುವಾಗ ಕೂರಲು ಮನಸ್ಸಾಗಲಿಲ್ಲ.

ನಡುವೆ ಒಮ್ಮೆ ಸೊಸೆ ಅದನ್ನು ಕುಂಬಳಕಾಯಿಯ ತೊಟ್ಟಿನ ಹತ್ತಿರ ಚುಚ್ಚಿ ತಿರುವಿದಳು. ಟಿಕ್ ಅಂತ ಸಪ್ಪಳವಾಯಿತು. ತುದಿ ಕಾಣಲಿಲ್ಲ. ಪಕ್ಕದಲ್ಲೇ ಹೆಚ್ಚಿಟ್ಟ ಉಳ್ಳಾಗಡ್ಡಿಯ ದೊಡ್ಡ ಬುಟ್ಟಿ. ಬಿಳಿಯ ಉಳ್ಳಾಗಡ್ಡಿಯಲ್ಲಿ ಬಿಳಿಯ ಚೂರನ್ನು ಎಲ್ಲಿ ಹುಡುಕುವುದು. ಕಬ್ಬಿಣವಾದರೆ ಅಯಸ್ಕಾಂತ ಆಡಿಸಿ ತೆಗೆಯಬಹುದು, ಇದಕ್ಕೆ ಅದೂ ಇಲ್ಲ. ಯಾರ ಗಂಟಲಲ್ಲಿ ಸಿಕ್ಕೀತೋ ಎಂದು ಬುಟ್ಟಿಯನ್ನೂ ಕುಂಬಳಕಾಯಿಯನ್ನೂ ಎತ್ತಿ ತಿಪ್ಪೆಗೆ ಸುರಿದೆವು. ಇನ್ನು ಈ ಚಾಕುವಿನ ಕಥೆ ಮುಗಿಯಿತು ಎಂದು ನನಗೆ ಮೈ ಹಗುರವಾಯಿತು. ಮಗ ಅದನ್ನು ತಾರಿಹಾಳಕ್ಕೆ ಒಯ್ದ. ಅಲ್ಲಿ ಗಟ್ಟಿ ಹತಾರಗಳಿಗೆ ಬಾಯಿ ಕೊಡುವ ವಜ್ರದ ಪುಡಿ ಕೂರಿಸಿದ ಗಾಲಿ ಇದೆಯಂತೆ. ನೀರು ಬಿಡುತ್ತ ಬಿಡುತ್ತ ಮೆಲ್ಲಗೆ ಉಜ್ಜಿಸಿ, ಎರಡು ದಿನದಲ್ಲಿ ವಾಪಸ್ಸು ತಂದ. ಮೊದಲಿಗಿಂತ ಒಂದು ಬೆರಳು ಗಿಡ್ಡ. ಹರಿತ ಮಾತ್ರ ಮೊದಲಿನಷ್ಟೇ.

"ಹೊಸಾದರಂಗ ಆಗೈತಿ ನೋಡವ್ವಾ" ಅಂದ.

"ಆಗೈತಪಾ" ಅಂದೆ.

ಆ ವರ್ಷ ಮಹಾನವಮಿ ಹತ್ತಿರ ಬಂತು. ನಾನು ಒಳಗೊಳಗೇ ಆ ಎರಡು ದಿನಗಳಿಗೆ ಕಾಯುತ್ತಿದ್ದೆ. ಸಾಣೆಯವನ ಬಿಡುವಂತೂ ಹೋಗಿತ್ತು, ಇದಾದರೂ ಉಳಿದಿದೆಯಲ್ಲ ಅಂದುಕೊಂಡಿದ್ದೆ. ಹಬ್ಬಕ್ಕೆ ಒಂದು ವಾರ ಇರುವಾಗ ಮಗ ಊಟಕ್ಕೆ ಕೂತವನು ಹೇಳಿದ.

"ಅವ್ವಾ, ಈ ಸಲ ಖಂಡೇಪೂಜಿಗೆ ನಮ್ಮ ವರ್ಕ್‌ಶಾಪಿನ ಊಟ ನಮ್ಮ ಖಾನಾವಳಿದ. ಮಾಲಕರಿಗೆ ಹೂಂ ಅಂದೇನಿ. ಹೋಳಿಗಿ, ಕಟ್ಟಿನ ಸಾರು, ಎಣ್ಣಿಗಾಯಿ, ಕೋಸಂಬರಿ, ಅನ್ನ."

"ಆ ದಿನ ಈ ಮನ್ಯಾಗ ಚಾಕು ಮುಟ್ಟೂದಿಲ್ಲ. ಗೊತ್ತಿಲ್ಲೇನು ನಿನಗ?"

"ಕಬ್ಬಿಣ ಮುಟ್ಟೂದಿಲ್ಲ ಬೇ. ಈ ಬಿಳೇದು ಎಲ್ಲಿ ಕಬ್ಬಿಣ? ಅದನ್ನ ಪೂಜಿಗೆ ಇಡೂದಿಲ್ಲ, ಅದರ್ಲೇನ ಹೆಚ್ಚಿದ್ರಾತು."

ನಾನು ಮೂರನೇ ಇಯತ್ತೆ ಓದಿದವಳು, ಯಾವುದಕ್ಕೆ ಪೂಜೆ ಯಾವುದಕ್ಕೆ ಇಲ್ಲ ಎಂದು ವಾದ ಹಾಕಲು ಬರುವುದಿಲ್ಲ. ಸೊಸೆಯ ಕಡೆ ನೋಡಿದೆ. ಅವಳು ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಆ ವಾರವಿಡೀ ನಾನು ಅದರ ಬಗ್ಗೆ ಮಾತೆತ್ತಲಿಲ್ಲ. ಮಗ ನಾನು ಒಪ್ಪಿದೆ ಅಂದುಕೊಂಡ.

ಹಬ್ಬದ ಮುಂಜಾನೆ ಸೊಸೆಗಿಂತ ಮೊದಲು ಎದ್ದು ಮೈ ತೊಳೆದುಕೊಂಡೆ. ಮಣೆ ಹಾಕಿ ಈಳಿಗೆ ಇಟ್ಟೆ, ಲಾರಿ ಪಾಟಾದ ಚಾಕು ಇಟ್ಟೆ, ಕುಡುಗೋಲು, ಅಡಕತ್ತರಿ, ಕಾಯಿ ತುರಿಯುವ ಮಣೆ ಇಟ್ಟೆ. ಕೊನೆಗೆ ಪೇಪರು ಬಿಚ್ಚಿ ಬಿಳಿಯ ಚಾಕುವನ್ನೂ ಅವುಗಳ ಪಕ್ಕಕ್ಕೆ ಮಲಗಿಸಿದೆ. ವಿಭೂತಿ ಹಚ್ಚಿದರೆ ಅದರ ಮೇಲೆ ಕಾಣಲೇ ಇಲ್ಲ. ಕುಂಕುಮ ಕಂಡಿತು. ಒಂದು ಚೆಂಡು ಹೂವು ಏರಿಸಿ, ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ, ಗೋಡೆಗೆ ಆತು ಕೂತೆ.

ಬದನೆಕಾಯಿ ಚೀಲ ಹೊತ್ತು ಒಳಗೆ ಬಂದ ಮಗ ಅಲ್ಲೇ ನಿಂತ.

"ಅದನ್ನ ಯಾಕ ಇಟ್ಟಿ ಬೇ? ಅದು ಕಬ್ಬಿಣಲ್ಲ ಅಂತ ಹೇಳಿಲ್ಲೇನು?"

"ಇಷ್ಟ ದಿನಾ ದುಡದೈತೋ ಇಲ್ಲೋ?"

"ದುಡದೈತಿ."

"ದುಡಿದದ್ದಕ್ಕ ಪೂಜಿ. ನಮ್ಮತ್ತಿ ನನಗ ಹೇಳಿದ್ದ ಹಂಗ."

ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಣೆಯ ಕಡೆ ನೋಡಿದಳು. "ದುಡಿದದ್ದಕ್ಕ ಪೂಜಿ ಅಂದ್ರ ನಮ್ಮಿಬ್ರನ್ನೂ ಸರಸಿ ಕುಂದ್ರಸ್ರಿ ಅತ್ತಿ. ಜಾಗಾ ಸಾಲತೈತೇನು ನೋಡ್ರಿ."

"ನಿನಗ ಎಲ್ಲಾ ಚ್ಯಾಷ್ಟಿ" ಎಂದು ಮಗ ಅವಳ ಮೇಲೆ ರೇಗಿದ. "ಮಧ್ಯಾಹ್ನ ಅಷ್ಟ ಮಂದಿ ಉಣ್ಣಾಕ ಕುಂದರ್ತಾರ ಅಲ್ಲೆ. ತಗೀ ಅವ್ವಾ ಅದನ್ನ."

"ದೀಪಾ ಹಚ್ಚೇನಿ. ನಿನಗ ಬೇಕಿದ್ರ ನೀನ ತಗೋ."

ಅವನು ಮಣೆಯ ತನಕ ಬಂದ. ಕೈ ಚಾಚಿದವನು ಕುಂಕುಮ ನೋಡಿ ಹಿಂದೆ ತೆಗೆದ. ಎಷ್ಟೇ ಆದರೂ ಅದೇ ಮನೆಯಲ್ಲಿ ಹುಟ್ಟಿದವನು. ಲೇತಿನ ಮುಂದೆ ಮುಂಜಾನೆಯಿಂದ ಸಂಜೆವರೆಗೆ ನಿಲ್ಲುವವನಿಗೆ ಪೂಜೆಗೆ ಕೂತ ಹತಾರವನ್ನು ಎತ್ತುವ ಧೈರ್ಯ ಬರಲಿಲ್ಲ. ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದ. ಪಕ್ಕದ ಮನೆಯಿಂದ ಚಾಕು ತರಲೆಂದು ಹೋಗಿದ್ದನಂತೆ. ಅಲ್ಲಿಯೂ ಮಣೆಯ ಮೇಲೆ ಕೂತಿತ್ತು. ಎಲ್ಲರ ಮನೆಯಲ್ಲೂ ಕೂತಿತ್ತು. ಪೂಜೆಗೆ ಕೂರದ ಚಾಕು ಸಾಣೆಯವನ ಮನೆಯಲ್ಲಿ ಮಾತ್ರ ಇರುತ್ತಿತ್ತು, ಆದರೆ ಅವನು ಹಬ್ಬದ ದಿನ ಗಿರಾಕಿ ಇಲ್ಲವೆಂದು ಹೆಂಡತಿಯ ತವರಿಗೆ ಗಬ್ಬೂರಿಗೆ ಹೋಗಿದ್ದ, ಬಾಗಿಲಿಗೆ ಬೀಗ.

ಮಗ ಬಂದು ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತ. "ಈಗೇನ್ ಮಾಡೂದು?"

ಕೊಟ್ಟ ಮಾತು. ಊಟಕ್ಕೆ ಕಾದ ಮಂದಿಯ ತಪ್ಪೇನೂ ಇರಲಿಲ್ಲ. ಎದ್ದೆ. ಮೂವರೂ ಸೇರಿ ಅಲಗು ಮುಟ್ಟದೆ ಅಡುಗೆ ಮಾಡಿದೆವು.

ಹೋಳಿಗೆಗೂ ಸಾರಿಗೂ ತೊಂದರೆ ಇರಲಿಲ್ಲ. ಬೇಳೆ ಬೇಯುತ್ತದೆ, ಬೆಲ್ಲವನ್ನು ಒನಕೆಯಿಂದ ಕುಟ್ಟಿದರಾಯಿತು. ತೊಂದರೆ ಬದನೆಕಾಯಿಯದು. ಒಂದೊಂದನ್ನೇ ಕಲ್ಲಿನ ಮೇಲಿಟ್ಟು ರುಬ್ಬುಗುಂಡಿನಿಂದ ಹದವಾಗಿ ಕುಕ್ಕಿ, ಸೀಳು ಬಿಟ್ಟ ಕಡೆ ಹೆಬ್ಬೆರಳು ತೂರಿಸಿ ಬಾಯಿ ತೆರೆದು ಮಸಾಲೆ ತುಂಬಿದೆ. ಹದ ತಪ್ಪಿದವು ಚಟ್ನಿಯಾದವು. ಕೊತ್ತಂಬರಿಯನ್ನು ಸೊಸೆ ಕೈಯಲ್ಲೇ ಹರಿದಳು, ಮೆಣಸಿನಕಾಯಿಯನ್ನು ಚಿವುಟಿದಳು, ಆ ಕೈಯನ್ನು ಮರೆತು ಕಣ್ಣಿಗೆ ತಂದುಕೊಂಡು ಬಚ್ಚಲಿಗೆ ಓಡಿದಳು. ತುರಿಯುವ ಮಣೆ ಇಲ್ಲದ್ದಕ್ಕೆ ಕಾಯಿಯನ್ನು ಚಿಪ್ಪಿನಿಂದ ಚಮಚೆಯಲ್ಲಿ ಎಬ್ಬಿಸಿ ಕುಟ್ಟಬೇಕಾಯಿತು. ಹಬ್ಬದ ಹೊಸ ಅಂಗಿ ತೊಟ್ಟ ಮಗ ಸೌತೆಕಾಯಿಗಳನ್ನು ಮುರಿದು ಮುರಿದು ಗುಂಡಿನ ಕೆಳಗೆ ಜಜ್ಜಿದ. ಬೀಜ ಹಾರಿ ಅವನ ಎದೆಗೆಲ್ಲ ಹತ್ತಿದವು. ಅಷ್ಟನ್ನೂ ಹೆಚ್ಚಿದ್ದರೆ ಒಂದು ತಾಸಿನ ಕೆಲಸ. ಮುಂಜಾನೆ ಪೂರ್ತಿ ಹಿಡಿಯಿತು. ಹೆಬ್ಬೆರಳ ಉಗುರು ಸೀಳಿತು, ಮಣಿಕಟ್ಟು ಬಾತು ಬಳೆ ಬಿಗಿಯಿತು. ಬಿಡುವಿಗಾಗಿ ಮಾಡಿದ ಹಟ, ಬಿಡುವೂ ಸಿಗಲಿಲ್ಲ.

ಮಗ ಪಾತ್ರೆಗಳನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ಹೋಗಿ, ಬಡಿಸಿ, ಸಂಜೆ ಮುಂದೆ ಖಾಲಿ ಪಾತ್ರೆಗಳ ಜೊತೆ ವಾಪಸ್ಸು ಬಂದ.

"ಏನಂದ್ರು?" ಎಂದು ಸೊಸೆ ಕೇಳಿದಳು.

"ಛಲೋ ಆಗೈತಿ ಅಂದ್ರು. ಮಾಲಕರು ಮಾತ್ರ ಕೋಸಂಬರಿ ನೋಡಿ, ಏನೋ, ನಿಮ್ಮವ್ವ ಸೌತಿಕಾಯಿ ಜೋಡಿ ಜಗಳಾ ತಗದಿದ್ಳೇನು ಅಂದ್ರು."

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ನನಗೆ ನಗಲೂ ಶಕ್ತಿ ಇರಲಿಲ್ಲ. ಕೈಯನ್ನು ಉಪ್ಪಿನ ಬಿಸಿ ನೀರಿನಲ್ಲಿ ಇಟ್ಟುಕೊಂಡು ಕೂತಿದ್ದೆ.

ಮರುದಿನ ಸಂಜೆ ಬನ್ನಿ ತಂದರು. ದೇವರಿಗೆ ಇಟ್ಟು, ಹತಾರಗಳಿಗೆ ಇಟ್ಟು, ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. ಆಮೇಲೆ ಮಣೆಯ ಮೇಲಿನವನ್ನು ತೆಗೆದಿಡುವುದು ನನ್ನ ಕೆಲಸ. ಈಳಿಗೆ ತೆಗೆದೆ, ಕುಡುಗೋಲು ತೆಗೆದೆ, ಒಂದೊಂದನ್ನೇ ಒರೆಸಿ ಅವವುಗಳ ಜಾಗಕ್ಕೆ ಇಟ್ಟೆ. ಬಿಳಿಯ ಚಾಕುವಿನ ಹತ್ತಿರ ಬಂದು ಕೈ ನಿಂತಿತು. ಅದನ್ನು ಎತ್ತಿದರೆ ನಾಳೆ ಮುಂಜಾನೆ ಶುರು. ನಾಡಿದ್ದೂ ಶುರು. ಅದು ಎಂದೂ ಸಾಕು ಅನ್ನುವ ಜಾತಿಯದಲ್ಲ.

"ಅದೊಂದು ಯಾಕ ಬಿಟ್ಟಿ?" ಅಂದ ಮಗ.

"ನಾ ತಗಿಯೂದಿಲ್ಲ."

"ಇನ್ನೂ ಸಿಟ್ಟೇನು?"

"ಸಿಟ್ಟಿಲ್ಲ. ಸಾಕಾಗೈತಿ ನನಗ."

"ಕೈ ನೋಯತೈತಿ ಅಂತನ ಹಗುರಾದ್ದ ತಂದ್ನೆಲ್ಲ ಬೇ."

"ಚಾಕು ಹಗುರಾತು. ಉಳ್ಳಾಗಡ್ಡಿ ಎಲ್ಲಿ ಹಗುರಾತು?"

ಅವನು ಯೋಚಿಸಿದ. "ಮಾಲಕರು ಮತ್ತ ಹೋಗ್ತಾರಂತ. ಇದಕ್ಕಿಂತ ಸಣ್ಣದು ಬರ್ತೈತಿ, ಹೇಳಿ ತರಸ್ಲೇನು?"

ಹೇಗೆ ತಿಳಿಸುವುದು ಇವನಿಗೆ ಅನ್ನಿಸಿತು. ಕೆಟ್ಟವನಲ್ಲ. ನೋವು ಅಂದರೆ ಔಷಧ, ಭಾರ ಅಂದರೆ ಹಗುರ, ಮೊಂಡು ಅಂದರೆ ಹರಿತ. ಅವನ ಕೈಯಲ್ಲಿ ಎಲ್ಲದಕ್ಕೂ ಒಂದು ಹತಾರ ಇರುತ್ತದೆ.

"ಸಣ್ಣದೂ ಬ್ಯಾಡ, ದೊಡ್ಡದೂ ಬ್ಯಾಡಪಾ. ನನಗ ಕುಂದ್ರಬೇಕಾಗೈತಿ. ಹೆಚ್ಚೂದು ಆಗೂದಿಲ್ಲ ನನಗ ಇನ್ನ ಮ್ಯಾಲ, ಮೊದಲಿನಂಗ."

ಈ ಮಾತನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಚಾಕು ಮೊಂಡಾಗಿದೆ ಅನ್ನುತ್ತಿದ್ದೆ, ಪೂಜೆಗೆ ಇಟ್ಟಿದೆ ಅನ್ನುತ್ತಿದ್ದೆ. ನನಗೆ ಆಗುವುದಿಲ್ಲ ಎಂದು ಅನ್ನುತ್ತಿರಲಿಲ್ಲ. ಅಂದ ಮೇಲೆ ನೋಡಿದರೆ ಮನೆಯೇನೂ ಬೀಳಲಿಲ್ಲ. ಮಗ ತಲೆ ಕೆರೆದುಕೊಂಡ.

"ಹಂಗಾದ್ರ ಹೆಚ್ಚಾವ್ರು ಯಾರು?"

ಅಷ್ಟರಲ್ಲಿ ಸೊಸೆ ಒಲೆಯ ಮುಂದಿನಿಂದ ಎದ್ದು ಬಂದಳು.

"ಅತ್ತಿ ಅರ್ಧಾ ಹೇಳ್ಯಾರ. ಉಳದದ್ದು ನಾ ಹೇಳ್ತೇನಿ ಕೇಳ್ರಿ. ಐತಾರ ಖಾನಾವಳಿ ಬಂದ್. ಒಲಿ ಹಚ್ಚೂದಿಲ್ಲ, ರೊಟ್ಟಿ ಬಡಿಯೂದಿಲ್ಲ. ಉಳದ ದಿನಾ ಮುಂಜಾನಿದಷ್ಟ ಅತ್ತಿ ಹೆಚ್ಚಲಿ. ಸಂಜಿದು ನೀವ ಹೆಚ್ಚರಿ."

"ನಾ?"

"ಮತ್ಯಾರು? ಕಬ್ಬಿಣ ಕೊರಿಯೂ ಕೈ, ಗಜ್ಜರಿಗೆ ಹೆದರತೈತೇನು? ಚಾಕು ನೀವ ತಂದೀರಿ, ಹಗುರನೂ ಐತಿ."

"ಐತಾರ ಲಾರಿ ಬರ್ತಾವ. ಗಿರಾಕಿ ಹೋಗ್ತಾರ."

"ಹೋಗಲಿ. ಸೋಮಾರ ಹಸಿವಿ ಆಗೂದಿಲ್ಲೇನು ಅವರಿಗೆ?"

ಅವಳ ಕೈಗಳನ್ನು ಆಗ ನೋಡಿದೆ. ಹಂಚಿನ ಕಾವಿಗೆ ಬೆರಳ ತುದಿಗಳು ಕರ್ರಗೆ ಗಟ್ಟಿಯಾಗಿದ್ದವು. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ದುಡಿದವರು ನಾವು. ಅವಳಿಗೂ ಸಾಕಾಗಿದೆ ಎಂದು ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಮಗ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಬಗ್ಗಿ, ಹೂವು ಸರಿಸಿ, ಚಾಕುವನ್ನು ತಾನೇ ಎತ್ತಿಕೊಂಡ. ಕುಂಕುಮವನ್ನು ಬೆರಳಿನಿಂದ ಒರೆಸಿ, ಪೇಪರಿನಲ್ಲಿ ಸುತ್ತತೊಡಗಿದ. ಸುತ್ತುವುದು ಸರಿಯಾಗಿರಲಿಲ್ಲ, ಬಾಯಿ ಹೊರಗೇ ಇತ್ತು. ನಾನು ತಿದ್ದಲು ಹೋಗಲಿಲ್ಲ. ಕಲಿಯಲಿ.

ಕಲಿತ. ಮೊದಮೊದಲು ಅವನು ಹೆಚ್ಚಿದ ಗಜ್ಜರಿ ಕಂಡು ಹಮಾಲರು, ಇವು ಉಣ್ಣಾಕೋ ಚಕ್ಕಡಿಗಾಲಿಗೆ ಬಡಿಯಾಕೋ ಎಂದು ಕೇಳುತ್ತಿದ್ದರು. ಆಮೇಲೆ ತೆಳ್ಳಗಾದವು. ಚಾಕು ಅವನ ಕೈಯಲ್ಲಿ ಬಹಳ ವರ್ಷ ಬಾಳಿತು. ತಾನೇ ತಂದದ್ದೆಂದು ನನಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದ, ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಖಾನಾವಳಿ ಮುಚ್ಚಿದ ಮೊದಲ ಐತವಾರದ್ದು ನೆನಪಿದೆ. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸೊಸೆ ನಡುಮನೆಯಲ್ಲಿ ಚಾಪೆ ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ನಾನು ಮಂಚದ ಮೇಲೆ. ಮಗ ಸಂತೆಗೆಂದು ಹೊರಗೆ ಹೋಗಿದ್ದ. ಒಲೆ ತಣ್ಣಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಬಡಿದ ಸಪ್ಪಳವಾಯಿತು.

"ಅವ್ವಾರ, ಊಟ ಐತೇನ್ರಿ?"

ದನಿ ಗುರುತಿನದೇ. ವಾರ ವಾರ ಬಂದು ಉಣ್ಣುವ ಲಾರಿಯವನು. ಸೊಸೆ ತಲೆ ಎತ್ತಿ ನನ್ನ ಕಡೆ ನೋಡಿದಳು.

"ಇಲ್ಲಪಾ. ಇವತ್ತ ಬಂದ್ ಐತಿ" ಅಂದೆ, ಮಲಗಿದಲ್ಲಿಂದಲೇ.

"ಯಾಕ್ರಿ, ಏನಾತ್ರಿ? ಯಾರಿಗರೆ ಆರಾಮಿಲ್ಲೇನು?"

"ಎಲ್ಲಾರೂ ಆರಾಮ ಅದೇವಿ. ಮಕ್ಕೊಂಡೇವಿ."

"ನಿನ್ನಿ ರೊಟ್ಟಿ ಇದ್ರೂ ನಡಿತೈತ್ರಿ."

ರೊಟ್ಟಿ ಇದ್ದವು. ಡಬ್ಬಿಯಲ್ಲಿ ನಾಲ್ಕೈದು ಇದ್ದವು, ಸೊಸೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎದ್ದು ಹೋಗಿ ಕೊಡುವುದು ದೊಡ್ಡ ಮಾತಲ್ಲ. ಇಂದು ರೊಟ್ಟಿ ಕೊಟ್ಟರೆ ಮುಂದಿನ ವಾರ ಒಂದಿಷ್ಟು ಪಲ್ಯ, ಅದರ ಮುಂದಿನ ವಾರ ಒಲೆ.

"ನಾಳಿ ಬಾ ತಮ್ಮಾ" ಅಂದೆ.

ಆಯ್ತ್ರಿ ಅಂದ. ಚಪ್ಪಲಿ ಸಪ್ಪಳ ದೂರ ಹೋಯಿತು. ಸೊಸೆ ಮತ್ತೆ ಗೋಡೆಯ ಕಡೆ ತಿರುಗಿದಳು. ನನಗೆ ನಿದ್ದೆಯೇನೂ ಬರಲಿಲ್ಲ, ಮಣಿಕಟ್ಟು ನೋಯುತ್ತಲೇ ಇತ್ತು. ಆದರೆ ಏಳಲಿಲ್ಲ.